ಓಜಿಟಿ ಕಿಣ್ವದ ಚಟುವಟಿಕೆ ಅಳೆಯುವ ಬಗೆ: ಉಪ್ಪು, ಯುಡಿಪಿ ಮತ್ತು ಪೆಪ್ಟೈಡ್ ಇಲ್ಲದ ಗುಳಿ

ಮನುಷ್ಯನ ಜೀವಕೋಶದಲ್ಲಿ ಸಕ್ಕರೆ ವರ್ಗಾಯಿಸುವ ಕಿಣ್ವಗಳು 200ಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಇಆರ್ ಮತ್ತು ಗಾಲ್ಗಿ ಚೀಲಗಳ ಒಳಗೆ ಕೂತು ಉದ್ದುದ್ದ ಸಕ್ಕರೆ ಸರಪಳಿ ಕಟ್ಟುತ್ತವೆ. ಓಜಿಟಿ ಹಾಗಲ್ಲ. ಅದು ಕೋಶದ್ರವದಲ್ಲಿ ಮತ್ತು ಕೋಶಕೇಂದ್ರದಲ್ಲಿ ಓಡಾಡಿಕೊಂಡು, ಸೀರಿನ್ ಅಥವಾ ಥ್ರಿಯೋನಿನ್ ಮೇಲೆ ಎನ್-ಅಸಿಟೈಲ್‌ಗ್ಲೂಕೋಸಮೀನ್ ಎಂಬ ಒಂದೇ ಒಂದು ಸಕ್ಕರೆ ಕೂರಿಸುತ್ತದೆ. ಆ ಸಕ್ಕರೆಗೆ ಓ-ಗ್ಲಕ್ನ್ಯಾಕ್ ಎಂದು ಹೆಸರು. ಕೂರಿಸಿದ್ದನ್ನು ತೆಗೆಯಲು ಓಜಿಎ ಎಂಬ ಬೇರೆ ಕಿಣ್ವವಿದೆ. 1984ರಲ್ಲಿ ಟಾರೆಸ್ ಮತ್ತು ಹಾರ್ಟ್ ಈ ಸಕ್ಕರೆಯನ್ನು ಮೊದಲು ವರದಿ ಮಾಡಿದರು. ಕಿಣ್ವದ ಜೀನ್ ಕೈಗೆ ಸಿಕ್ಕಿದ್ದು 1997ರಲ್ಲಿ, ಸ್ಫಟಿಕ ರಚನೆ ಬಂದದ್ದು 2011ರಲ್ಲಿ.

ಈ ಬರಹದ ಉದ್ದೇಶ ಒಂದೇ: ಶುದ್ಧೀಕರಿಸಿದ ಮನುಷ್ಯ ಓಜಿಟಿಯ ಚಟುವಟಿಕೆಯನ್ನು ಬೆಳಕಿನ ವಿಧಾನದಲ್ಲಿ ಅಳೆಯುವುದು, ಬಂದ ಅಂಕಿ ನಂಬುವಂಥದ್ದೇ ಎಂದು ಖಚಿತ ಮಾಡಿಕೊಳ್ಳುವುದು. ಯಂತ್ರದಲ್ಲಿ ಅಂಕಿ ಬರುವುದು ಕಷ್ಟವಲ್ಲ. ಆ ಅಂಕಿಯ ಹಿಂದೆ ನಿಜವಾಗಿಯೂ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಮೇಲೆ ಸಕ್ಕರೆ ಕೂತಿದೆಯೇ ಎಂಬುದೇ ಪ್ರಶ್ನೆ.

ಅಳೆಯುವುದು ಏನನ್ನು

ಓಜಿಟಿಗೆ ಸಕ್ಕರೆ ಒದಗಿಸುವ ದಾನಿ ಯುಡಿಪಿ-ಗ್ಲಕ್ನ್ಯಾಕ್. ಸಕ್ಕರೆ ಪೆಪ್ಟೈಡಿಗೆ ಹೋದಾಗ ಅದನ್ನು ಹೊತ್ತಿದ್ದ ಯುಡಿಪಿ (ಯೂರಿಡಿನ್ ಡೈಫಾಸ್ಫೇಟ್) ಬಿಡುಗಡೆಯಾಗುತ್ತದೆ. ಯುಡಿಪಿ-ಗ್ಲೋ ಮಾದರಿಯ ಕಿಟ್‌ಗಳು ಈ ಯುಡಿಪಿಯನ್ನು ಎಟಿಪಿಯಾಗಿ ಬದಲಿಸಿ, ಲೂಸಿಫರೇಸ್ ಎಂಬ ಕಿಣ್ವದ ಮೂಲಕ ಬೆಳಕಾಗಿ ತೋರಿಸುತ್ತವೆ. ಅಂದರೆ ನೀವು ನೋಡುತ್ತಿರುವುದು ಬಿಟ್ಟುಹೋದ ಯುಡಿಪಿಯನ್ನು, ಕೂತ ಸಕ್ಕರೆಯನ್ನಲ್ಲ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಇದೊಂದು ಮಾತಿನಿಂದಲೇ ಹುಟ್ಟುತ್ತವೆ.

ಓಜಿಟಿಯ ಮೂರು ಗುಣಗಳನ್ನು ಮೊದಲೇ ನೆನಪಿಟ್ಟುಕೊಳ್ಳಿ. ಅದಕ್ಕೆ ಲೋಹದ ಅಯಾನು ಬೇಡ, ಹಾಗಾಗಿ ಗಾಲ್ಗಿಯ ಎಷ್ಟೋ ಕಿಣ್ವಗಳಿಗೆ ಹಾಕುವಂತೆ ಮ್ಯಾಂಗನೀಸ್ ಹಾಕಬೇಕಿಲ್ಲ. ಅದಕ್ಕೆ ಉಪ್ಪು ಆಗದು: 50 ಮಿಲಿಮೋಲಾರ್ ಆಸುಪಾಸಿನ ಸೋಡಿಯಂ ಕ್ಲೋರೈಡ್ ಇದ್ದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂರನೆಯದಾಗಿ, ತಾನೇ ಬಿಡುಗಡೆ ಮಾಡಿದ ಯುಡಿಪಿ ಅದನ್ನು ಬಲವಾಗಿ ತಡೆಯುತ್ತದೆ. ಯುಡಿಪಿ ಕಿಣ್ವಕ್ಕೆ ಅಂಟುವ ಬಿಗಿತ ದಾನಿಗಿಂತ ಹೆಚ್ಚು. ಕೆಲವೇ ಮೈಕ್ರೋಮೋಲಾರ್ ಸೇರಿದರೂ ಪರಿಣಾಮ ಕಾಣುತ್ತದೆ.

ಕಿಣ್ವ ತಯಾರಿ

ಓಜಿಟಿಗೆ ಡೈಸಲ್ಫೈಡ್ ಬಂಧವಾಗಲಿ ಗಾಲ್ಗಿಯ ಅಲಂಕಾರವಾಗಲಿ ಬೇಕಿಲ್ಲದ ಕಾರಣ ಇ. ಕೋಲಿಯಲ್ಲೇ ಚೆನ್ನಾಗಿ ಬರುತ್ತದೆ. ಜೊತೆಗೆ ಒಂದು ಅನುಕೂಲವಿದೆ: ಇ. ಕೋಲಿಯಲ್ಲಿ ಓ-ಗ್ಲಕ್ನ್ಯಾಕ್ ವ್ಯವಸ್ಥೆಯೇ ಇಲ್ಲ, ಆದ್ದರಿಂದ ಗ್ರಾಹಕ ಪ್ರೋಟೀನನ್ನೂ (ಸಕ್ಕರೆ ಪಡೆಯುವ ಪ್ರೋಟೀನು) ಅಲ್ಲೇ ತಯಾರಿಸಿದರೆ ಅದು ಸಕ್ಕರೆ ಇಲ್ಲದೆ ಸಿಗುತ್ತದೆ.

ಪೂರ್ಣ ಉದ್ದದ ರೂಪದಲ್ಲಿ 1046 ಅಮೈನೊ ಆಮ್ಲಗಳಿವೆ, ತೂಕ ಸುಮಾರು 117 ಕಿಲೋಡಾಲ್ಟನ್. ಜೆಲ್‌ನಲ್ಲಿ 110ರ ಹತ್ತಿರ ಓಡುವುದರಿಂದ ಆ ಸಂಖ್ಯೆಯೇ ಬಳಕೆಯಲ್ಲಿದೆ. ಆರಂಭದಲ್ಲಿ ಟಿಪಿಆರ್ ಎಂಬ ಪುನರಾವರ್ತನೆಗಳ ಉದ್ದನೆಯ ಸುರುಳಿ, ಕೊನೆಯಲ್ಲಿ ಸಕ್ಕರೆ ಕೂರಿಸುವ ಭಾಗ. ಟಿಪಿಆರ್ ಮೊಟಕುಗೊಳಿಸಿದ ರೂಪಗಳು ಪೆಪ್ಟೈಡ್ ಮೇಲೆ ಕೆಲಸ ಮಾಡುತ್ತವೆ, ಆದರೆ ಹಲವು ಪೂರ್ಣ ಪ್ರೋಟೀನುಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಗ್ರಾಹಕ ಪ್ರೋಟೀನಿನ ಬಗ್ಗೆ ಪ್ರಶ್ನೆ ಇದ್ದರೆ ಪೂರ್ಣ ಉದ್ದವನ್ನೇ ಬಳಸಿ.

ಇ. ಕೋಲಿಯ ಬಿಎಲ್21 ಡಿಇ3 ತಳಿಯಲ್ಲಿ ಹಿಸ್-ಟ್ಯಾಗ್ (ನಿಕಲ್‌ಗೆ ಅಂಟುವ ಬಾಲ) ಇರುವ ಪ್ಲಾಸ್ಮಿಡ್ ಹಾಕಿ, 1 ಲೀಟರ್ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ 600 ನ್ಯಾನೊಮೀಟರ್ ಸಾಂದ್ರತೆ 0.8ರಿಂದ 1.0 ಮುಟ್ಟುವವರೆಗೆ ಬೆಳೆಸಿ. ಫ್ಲಾಸ್ಕನ್ನು 16 ಡಿಗ್ರಿಗೆ ಪೂರ್ತಿ ತಣಿಸಿ, ಆಮೇಲೆ ಪ್ರೋಟೀನು ತಯಾರಿ ಶುರುಮಾಡಿಸುವ ಐಪಿಟಿಜಿಯನ್ನು 0.2 ಮಿಲಿಮೋಲಾರ್ ಹಾಕಿ, 16ರಿಂದ 20 ಗಂಟೆ ಬಿಡಿ. ಬಿಸಿ ಮಾಧ್ಯಮಕ್ಕೇ ಐಪಿಟಿಜಿ ಸುರಿದರೆ ಪ್ರೋಟೀನಿನ ದೊಡ್ಡ ಪಾಲು ಕರಗದ ಮುದ್ದೆಯಾಗಿ ಕೆಳಗೆ ಕೂರುತ್ತದೆ. ಈ ತಪ್ಪು ಬಹಳ ಸಾಮಾನ್ಯ.

ಕೋಶ ಒಡೆಯುವ ಬಫರ್: 20 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 250 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 20 ಮಿಲಿಮೋಲಾರ್ ಇಮಿಡಜೋಲ್, 1 ಮಿಲಿಮೋಲಾರ್ ಟಿಸಿಇಪಿ, ಪ್ರೋಟಿಯೇಸ್ ತಡೆಗಳು. ಪ್ರೋಟಿಯೇಸ್ ತಡೆ ಮರೆತರೆ ಟಿಪಿಆರ್ ಸುರುಳಿ ತುಂಡಾಗಿ, 110ರ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಬ್ಯಾಂಡ್‌ಗಳು ಕಾಣುತ್ತವೆ. ನಿಕಲ್ ಕಾಲಮ್ ಮೇಲೆ ಹಿಡಿದು, 40 ಮಿಲಿಮೋಲಾರ್ ಇಮಿಡಜೋಲ್‌ನಲ್ಲಿ ತೊಳೆದು, 250 ಮಿಲಿಮೋಲಾರ್‌ನಲ್ಲಿ ಇಳಿಸಿ. ಆಮೇಲೆ ಜೆಲ್ ಫಿಲ್ಟ್ರೇಷನ್ ಮಾಡಲೇಬೇಕು. ನಿಕಲ್ ಹಂತಕ್ಕೇ ನಿಲ್ಲಿಸಿದ ಮಾದರಿಯಲ್ಲಿ ಇ. ಕೋಲಿಯ ಫಾಸ್ಫಟೇಸ್, ನ್ಯೂಕ್ಲಿಯೊಟೈಡೇಸ್‌ಗಳು ಉಳಿದಿರಬಹುದು. ಅವು ದಾನಿಯನ್ನೋ ಯುಡಿಪಿಯನ್ನೋ ತಿಂದುಹಾಕಿದರೆ ಬೆಳಕು ಕಡಿಮೆಯಾಗುತ್ತದೆ, ನೀವು ಕಿಣ್ವ ಸತ್ತಿದೆ ಎಂದುಕೊಳ್ಳುತ್ತೀರಿ.

ಕೊನೆಯ ಬಫರ್‌ನಲ್ಲಿ 20 ಮಿಲಿಮೋಲಾರ್ ಟ್ರಿಸ್, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 1 ಮಿಲಿಮೋಲಾರ್ ಟಿಸಿಇಪಿ, 20% ಗ್ಲಿಸರಾಲ್ ಇರಲಿ. ಇಲ್ಲಿ ಉಪ್ಪು ಬೇಕು: ಉಪ್ಪಿಲ್ಲದ ಬಫರ್‌ನಲ್ಲಿ ಗಾಢವಾಗಿಟ್ಟರೆ ಪ್ರೋಟೀನು ಮುದ್ದೆಗಟ್ಟಬಹುದು. ಕಿಣ್ವವನ್ನು ಉಪ್ಪಿನಲ್ಲಿಡಿ, ಅಳೆಯುವಾಗ ತೆಳುಮಾಡಿ ಉಪ್ಪು ಇಳಿಸಿ. ದಾಸ್ತಾನು 10 ಮೈಕ್ರೋಮೋಲಾರ್, ಅಂದರೆ ಮಿಲಿಲೀಟರಿಗೆ ಸುಮಾರು 1.2 ಮಿಲಿಗ್ರಾಂ ಇದ್ದರೆ, 100 ಪಟ್ಟು ತೆಳುವಾದಾಗ ಕಿಣ್ವ 100 ನ್ಯಾನೊಮೋಲಾರ್, ಉಪ್ಪು 1.5 ಮಿಲಿಮೋಲಾರ್ ಆಗುತ್ತದೆ. ದಾಸ್ತಾನೇ 1 ಮೈಕ್ರೋಮೋಲಾರ್ ಇದ್ದರೆ ಅದೇ ಕಿಣ್ವಕ್ಕೆ 15 ಮಿಲಿಮೋಲಾರ್ ಉಪ್ಪು ಜೊತೆಗೆ ಬರುತ್ತದೆ. ಹಾಗಾಗಿ ತೆಳುವಾದ ದಾಸ್ತಾನು ಬೇಡ. 10ರಿಂದ 20 ಮೈಕ್ರೋಲೀಟರ್ ಪಾಲು ಮಾಡಿ, ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿಯಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ದಾನಿ ಮತ್ತು ಪೆಪ್ಟೈಡ್

ಯುಡಿಪಿ-ಗ್ಲಕ್ನ್ಯಾಕ್‌ನ ಡೈಸೋಡಿಯಂ ಲವಣದ ಅಣುತೂಕ 651.3. 6.5 ಮಿಲಿಗ್ರಾಂ ಅನ್ನು 1 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ ಲೆಕ್ಕದ ಪ್ರಕಾರ 10 ಮಿಲಿಮೋಲಾರ್. ಆದರೆ ಪುಡಿ ತೇವ ಹೀರಿಕೊಳ್ಳುವುದರಿಂದ ತಕ್ಕಡಿಯ ಮಾತನ್ನು ಪೂರ್ತಿ ನಂಬಬೇಡಿ. 200 ಪಟ್ಟು ತೆಳುಮಾಡಿ 260 ನ್ಯಾನೊಮೀಟರ್‌ನಲ್ಲಿ ಓದಿ. ಯೂರಿಡಿನ್‌ನ ಹೀರಿಕೆ ಗುಣಾಂಕ ಸುಮಾರು 10,000 ಆದ್ದರಿಂದ 0.5ರ ಹತ್ತಿರ ಬರಬೇಕು. 0.42 ಬಂದರೆ ದಾಸ್ತಾನು 8.4 ಮಿಲಿಮೋಲಾರ್ ಎಂದು ಬರೆದುಕೊಳ್ಳಿ.

ಗಾಢತೆಗಿಂತಲೂ ಮುಖ್ಯವಾದದ್ದು ಅದರಲ್ಲಿ ಮೊದಲೇ ಬೆರೆತಿರುವ ಯುಡಿಪಿ. ದಾನಿಯಲ್ಲಿ 2% ಯುಡಿಪಿ ಇದ್ದರೆ, 100 ಮೈಕ್ರೋಮೋಲಾರ್ ದಾನಿ ಹಾಕಿದ, ಪ್ಲೇಟಿನ ಪ್ರತಿ ಗುಳಿಯಲ್ಲೂ ಕಿಣ್ವ ಕೆಲಸ ಶುರುಮಾಡುವ ಮೊದಲೇ 2 ಮೈಕ್ರೋಮೋಲಾರ್ ಯುಡಿಪಿ ಇರುತ್ತದೆ. ಹಿನ್ನೆಲೆ ಬೆಳಕು ಏರುತ್ತದೆ, ಜೊತೆಗೆ ಕಿಣ್ವಕ್ಕೂ ತಡೆ ಬೀಳುತ್ತದೆ. ಹಿನ್ನೆಲೆಯನ್ನು ಕಳೆಯಬಹುದು, ತಡೆಯನ್ನು ಕಳೆಯಲಾಗದು. ಈ ವಿಧಾನಕ್ಕೆಂದೇ ಮಾರುವ ಅತಿಶುದ್ಧ ದಾನಿಯನ್ನು ಕೊಳ್ಳಿ. ಇಲ್ಲಿ ಉಳಿತಾಯ ಮಾಡುವುದು ಸರಿಯಲ್ಲ. ಸಣ್ಣ ಪಾಲುಗಳಾಗಿ ಮೈನಸ್ 20ರಲ್ಲಿಡಿ.

ಗ್ರಾಹಕವಾಗಿ ಹೆಚ್ಚು ಬಳಕೆಯಲ್ಲಿರುವುದು ಕೇಸಿನ್ ಕೈನೇಸ್ 2ರಿಂದ ಬಂದ ಪೆಪ್ಟೈಡ್. ಲೈಸಿನ್ ಬಾಲ ಸೇರಿಸಿದ ರೂಪದ ಕ್ರಮ ಕೆ-ಕೆ-ಕೆ-ವೈ-ಪಿ-ಜಿ-ಜಿ-ಎಸ್-ಟಿ-ಪಿ-ವಿ-ಎಸ್-ಎಸ್-ಎ-ಎನ್-ಎಂ-ಎಂ. ಸಂಶ್ಲೇಷಿತ ಪೆಪ್ಟೈಡ್‌ಗಳು ಸಾಮಾನ್ಯವಾಗಿ ಟಿಎಫ್‌ಎ ಲವಣವಾಗಿ ಬರುತ್ತವೆ, ನೀರಿನಲ್ಲಿ ಕರಗಿಸಿದರೆ ಹುಳಿಯಾಗಿರುತ್ತವೆ. 10 ಮಿಲಿಮೋಲಾರ್ ದಾಸ್ತಾನು ಮಾಡಿದ ಮೇಲೆ ಪಿಎಚ್ ಕಾಗದಕ್ಕೆ ಒಂದು ಹನಿ ತಾಗಿಸಿ ನೋಡಿ. ಬೇಕಾದಷ್ಟೇ ಟ್ರಿಸ್ ಸೇರಿಸಿ 7ರ ಹತ್ತಿರ ತನ್ನಿ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಧಾರಾಳವಾಗಿ ಸರಿಪಡಿಸಲು ಹೊರಟರೆ ನೀವು ಬೇಡವೆಂದ ಉಪ್ಪನ್ನೇ ಮತ್ತೆ ತಂದಂತೆ.

ಕ್ರಿಯೆ ನಡೆಸುವುದು

ಐದು ಪಟ್ಟು ಗಾಢ ಬಫರ್: 125 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 5 ಮಿಲಿಮೋಲಾರ್ ಡಿಟಿಟಿ, ಮಿಲಿಲೀಟರಿಗೆ 0.5 ಮಿಲಿಗ್ರಾಂ ಬಿಎಸ್‌ಎ (ಹಸುವಿನ ಸೀರಮ್ ಆಲ್ಬುಮಿನ್). ಡಿಟಿಟಿಯನ್ನು ಆಯಾ ದಿನವೇ ಸೇರಿಸಿ. ಬಿಎಸ್‌ಎ ಇಲ್ಲದಿದ್ದರೆ ನ್ಯಾನೊಮೋಲಾರ್ ಮಟ್ಟದ ಕಿಣ್ವ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ತೆಳುಮಾಡಿದಷ್ಟೂ ಲೆಕ್ಕಕ್ಕಿಂತ ಹೆಚ್ಚು ಕುಸಿಯುತ್ತದೆ.

ಒಂದು ಗುಳಿಗೆ 25 ಮೈಕ್ರೋಲೀಟರ್:

- ಐದು ಪಟ್ಟು ಬಫರ್: 5
- ಪೆಪ್ಟೈಡ್, 2.5 ಮಿಲಿಮೋಲಾರ್: 2.5 (ಕೊನೆಗೆ 250 ಮೈಕ್ರೋಮೋಲಾರ್)
- ಕಿಣ್ವ, 1 ಮೈಕ್ರೋಮೋಲಾರ್‌ಗೆ ಆಗಷ್ಟೇ ತೆಳುಮಾಡಿದ್ದು: 2.5 (ಕೊನೆಗೆ 100 ನ್ಯಾನೊಮೋಲಾರ್)
- ನೀರು: 12.5
- ಯುಡಿಪಿ-ಗ್ಲಕ್ನ್ಯಾಕ್, 1 ಮಿಲಿಮೋಲಾರ್: 2.5 (ಕೊನೆಗೆ 100 ಮೈಕ್ರೋಮೋಲಾರ್)

ಕಿಣ್ವ ತೆಳುಮಾಡಲು ಒಂದು ಪಟ್ಟು ಬಫರನ್ನೇ ಬಳಸಿ, ದಾಸ್ತಾನಿನ ಉಪ್ಪು ಬಫರ್ ಬೇಡ. ದಾನಿಯನ್ನು ಕೊನೆಗೆ ಹಾಕಿ ಕ್ರಿಯೆ ಶುರುಮಾಡಿ. ಅದಕ್ಕೂ ಮೊದಲು ಉಳಿದದ್ದೆಲ್ಲ 37 ಡಿಗ್ರಿಯಲ್ಲಿ 5 ನಿಮಿಷ ಇರಲಿ. ಬಿಳಿ ಪ್ಲೇಟೇ ಬೇಕು. ಪಾರದರ್ಶಕ ಪ್ಲೇಟಿನಲ್ಲಿ ಒಂದು ಗುಳಿಯ ಬೆಳಕು ಪಕ್ಕದ ಗುಳಿಗೆ ಸೋರುತ್ತದೆ. ಪ್ಲೇಟಿನ ಮೇಲೆ ಸೀಲ್ ಹಾಕಿ, ಇಲ್ಲದಿದ್ದರೆ ಅಂಚಿನ ಗುಳಿಗಳು ಆವಿಯಾಗಿ ಗಾಢವಾಗುತ್ತವೆ.

30 ನಿಮಿಷದ ನಂತರ ಪ್ಲೇಟನ್ನು ಕೋಣೆಯ ಉಷ್ಣತೆಗೆ ತಂದು, 25 ಮೈಕ್ರೋಲೀಟರ್ ಪತ್ತೆ ದ್ರಾವಣ ಹಾಕಿ, ನಿಧಾನವಾಗಿ ಅಲುಗಿಸಿ, ಕತ್ತಲಲ್ಲಿ 60 ನಿಮಿಷ ಬಿಟ್ಟು ಓದಿ. ಲೂಸಿಫರೇಸ್‌ನ ಬೆಳಕು ಉಷ್ಣತೆಗೆ ತಕ್ಕಂತೆ ಏರಿಳಿಯುವುದರಿಂದ, 37 ಡಿಗ್ರಿಯ ಪ್ಲೇಟಿಗೆ ನೇರವಾಗಿ ದ್ರಾವಣ ಸುರಿದರೆ ನಡುವಿನ ಗುಳಿಗಳಿಗೂ ಅಂಚಿನವಕ್ಕೂ ವ್ಯತ್ಯಾಸ ಬರುತ್ತದೆ.

ಯುಡಿಪಿಯ ಪ್ರಮಾಣ ರೇಖೆಯನ್ನು ಅದೇ ಪ್ಲೇಟಿನಲ್ಲಿ ಪ್ರತಿ ಸಲ ಹಾಕಿ: 0, 0.1, 0.5, 1, 2, 5, 10, 25 ಮೈಕ್ರೋಮೋಲಾರ್. ಈ ಗುಳಿಗಳಲ್ಲೂ ಬಫರ್, ಪೆಪ್ಟೈಡ್, 100 ಮೈಕ್ರೋಮೋಲಾರ್ ದಾನಿ ಇರಬೇಕು, ಕಿಣ್ವ ಮಾತ್ರ ಇರಬಾರದು. ಬರೀ ನೀರಿನಲ್ಲಿ ಮಾಡಿದ ರೇಖೆಯಿಂದ ಲೆಕ್ಕ ಹಾಕಿದರೆ ದಾನಿಯ ಹಿನ್ನೆಲೆಯೂ ಕಿಣ್ವದ ಖಾತೆಗೆ ಸೇರುತ್ತದೆ.

ಮೊದಲ ದಿನ ಇದನ್ನೆಲ್ಲ ಒಂದೇ ಸಮಯಬಿಂದುವಿನಲ್ಲಿ ಮಾಡಬೇಡಿ. 0, 5, 10, 20, 30, 45, 60 ನಿಮಿಷಗಳಲ್ಲಿ ಅಳೆದು ಗ್ರಾಫ್ ಎಳೆಯಿರಿ. ಜೊತೆಗೆ ಕಿಣ್ವವನ್ನು 12.5ರಿಂದ 200 ನ್ಯಾನೊಮೋಲಾರ್‌ವರೆಗೆ ಇಮ್ಮಡಿಸುತ್ತಾ ನೋಡಿ. ರೇಖೆ ನೇರವಾಗಿರುವ ಭಾಗದಲ್ಲಿ ಮಾತ್ರ ವೇಗ ತೆಗೆಯಬೇಕು. ದಾನಿಯ 10% ಖರ್ಚಾಗುವವರೆಗೆ ಅಳೆಯಬಹುದೆಂಬ ಸಾಮಾನ್ಯ ನಿಯಮ ಇಲ್ಲಿ ಸಾಲದು. 100 ಮೈಕ್ರೋಮೋಲಾರ್‌ನ 10% ಅಂದರೆ 10 ಮೈಕ್ರೋಮೋಲಾರ್ ಯುಡಿಪಿ. ಅಷ್ಟರೊಳಗೆ ರೇಖೆ ಬಾಗಿರುತ್ತದೆ. 5%ಗಿಂತ ಕೆಳಗೆ ಇರಿ. ದಾನಿಯನ್ನು 5 ಅಥವಾ 10 ಮೈಕ್ರೋಮೋಲಾರ್‌ಗೆ ಇಳಿಸಿ ಕೆಎಂ (ಗರಿಷ್ಠದ ಅರ್ಧ ವೇಗ ಕೊಡುವ ದಾನಿಯ ಗಾಢತೆ) ಅಳೆಯುವಾಗ ಈ ತೊಂದರೆ ಇನ್ನೂ ತೀವ್ರ, ಏಕೆಂದರೆ ಯುಡಿಪಿಯೊಂದಿಗೆ ಪೈಪೋಟಿ ಮಾಡಲು ದಾನಿಯೇ ಕಡಿಮೆ. ಅಲ್ಲಿ ಕಿಣ್ವವನ್ನೂ ಸಮಯವನ್ನೂ ಇಳಿಸಿ.

ಬೇರೆ ವಿಧಾನಗಳಲ್ಲಿ, ಅಂದರೆ ವಿಕಿರಣ ಗುರುತಿನ ಸಕ್ಕರೆ ಅಥವಾ ಮಾಸ್ ಸ್ಪೆಕ್ಟ್ರೋಮೀಟರ್ ಬಳಸುವಾಗ, ಕ್ಷಾರೀಯ ಫಾಸ್ಫಟೇಸ್ ಸೇರಿಸಿ ಯುಡಿಪಿಯನ್ನು ಒಡೆದುಹಾಕಬಹುದು. ಅದು ದಾನಿಯನ್ನು ಮುಟ್ಟುವುದಿಲ್ಲ. ಬೆಳಕಿನ ವಿಧಾನದಲ್ಲಿ ಮಾತ್ರ ಹಾಕಲೇಬೇಡಿ, ನೀವು ಅಳೆಯಬೇಕಾದ ವಸ್ತುವೇ ಕಾಣೆಯಾಗುತ್ತದೆ.

ಯಾವ ಗುಳಿ ಏನು ಹೇಳುತ್ತದೆ

ಕಿಣ್ವ ಇಲ್ಲದ ಗುಳಿ ದಾನಿಯ ಕಲಬೆರಕೆಯನ್ನು ತೋರಿಸುತ್ತದೆ. ಪೆಪ್ಟೈಡ್ ಇಲ್ಲದ ಗುಳಿ ಅದಕ್ಕಿಂತ ಬೆಲೆಯುಳ್ಳದ್ದು, ಆದರೂ ಅದನ್ನೇ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಓಜಿಟಿ ತನ್ನ ಮೇಲೆ ತಾನೇ ಸಕ್ಕರೆ ಕೂರಿಸಿಕೊಳ್ಳುತ್ತದೆ, ನಿಧಾನವಾಗಿ ದಾನಿಯನ್ನು ನೀರಿನೊಂದಿಗೂ ಒಡೆಯುತ್ತದೆ. ಎರಡರಲ್ಲೂ ಯುಡಿಪಿ ಬರುತ್ತದೆ, ಪೆಪ್ಟೈಡ್ ಮೇಲೆ ಸಕ್ಕರೆ ಬರುವುದಿಲ್ಲ. ದುರ್ಬಲ ಗ್ರಾಹಕ ಪರೀಕ್ಷಿಸುವಾಗ ಬೆಳಕಿನ ಬಹುಪಾಲು ಇದೇ ಆಗಿರಬಹುದು.

ಒಂದು ಲೆಕ್ಕ ನೋಡಿ. ಪೂರ್ಣ ಗುಳಿಯಲ್ಲಿ 5.2, ಪೆಪ್ಟೈಡ್ ಇಲ್ಲದ್ದರಲ್ಲಿ 1.0 ಮೈಕ್ರೋಮೋಲಾರ್ ಯುಡಿಪಿ ಬಂತೆಂದುಕೊಳ್ಳಿ. ವ್ಯತ್ಯಾಸ 4.2. ಅದನ್ನು 30 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 0.14 ಮೈಕ್ರೋಮೋಲಾರ್, ಕಿಣ್ವದ 0.1 ಮೈಕ್ರೋಮೋಲಾರ್‌ನಿಂದ ಭಾಗಿಸಿದರೆ ಒಂದೊಂದು ಕಿಣ್ವದ ಅಣು ನಿಮಿಷಕ್ಕೆ 1.4 ಸಕ್ಕರೆ ಕೂರಿಸಿದಂತಾಯಿತು. ಕಿಣ್ವ ಇಲ್ಲದ ಗುಳಿಯನ್ನು ಮತ್ತೊಮ್ಮೆ ಕಳೆಯಬೇಡಿ. ಅದು ಪೆಪ್ಟೈಡ್ ಇಲ್ಲದ ಗುಳಿಯೊಳಗೆ ಆಗಲೇ ಸೇರಿದೆ.

ಅತ್ಯುತ್ತಮ ಹೋಲಿಕೆ ಎಂದರೆ ಸತ್ತ ರೂಪಾಂತರ, ಲೈಸಿನ್ 842ನ್ನು ಮೆಥಿಯೊನಿನ್‌ಗೆ ಬದಲಿಸಿದ್ದು. ಅದನ್ನು ನಿಜವಾದ ಕಿಣ್ವದ ಜೊತೆಗೇ, ಅದೇ ಕಾಲಮ್ ಕ್ರಮದಲ್ಲಿ ಶುದ್ಧೀಕರಿಸಿ. ಇದರಲ್ಲೂ ಕಿಣ್ವ ಇಲ್ಲದ ಗುಳಿಗಿಂತ ಹೆಚ್ಚು ಬೆಳಕು ಬಂದರೆ ತಪ್ಪು ಓಜಿಟಿಯದ್ದಲ್ಲ, ಇ. ಕೋಲಿಯ ಕಲಬೆರಕೆಯದ್ದು. ಸಂಖ್ಯೆಯ ಬಗ್ಗೆ ಎಚ್ಚರ: 842 ಎಂಬುದು 1036 ಅಮೈನೊ ಆಮ್ಲದ ರೂಪದ ಎಣಿಕೆ. 1046ರ ರೂಪದಲ್ಲಿ ಅದೇ ಲೈಸಿನ್ 852. ಪ್ರೈಮರ್ ಬರೆಯುವ ಮೊದಲು ನಿಮ್ಮ ಪ್ಲಾಸ್ಮಿಡ್‌ನ ಕ್ರಮ ಯಾವುದೆಂದು ನೋಡಿಕೊಳ್ಳಿ. ಈ ಹತ್ತರ ಅಂತರದಿಂದ ಬೇರೆಯೇ ಅಮೈನೊ ಆಮ್ಲ ಬದಲಾಗಿಬಿಡುತ್ತದೆ.

ತಡೆ ಔಷಧ ಪರೀಕ್ಷಿಸುವವರಿಗೆ ಇನ್ನೊಂದು ಗುಳಿ ಕಡ್ಡಾಯ: ಕಿಣ್ವವಿಲ್ಲದೆ 5 ಮೈಕ್ರೋಮೋಲಾರ್ ಯುಡಿಪಿ ಮತ್ತು ಔಷಧ. ಇಲ್ಲಿ ಬೆಳಕು ಇಳಿದರೆ ಔಷಧ ತಡೆದದ್ದು ಓಜಿಟಿಯನ್ನಲ್ಲ, ಲೂಸಿಫರೇಸ್ ಅನ್ನು. ಔಷಧ ಕರಗಿಸಲು ಬಳಸುವ ಡಿಎಂಎಸ್‌ಒ 1% ಮೀರದಿರಲಿ, ಎಲ್ಲ ಗುಳಿಯಲ್ಲೂ ಒಂದೇ ಇರಲಿ. ಓಜಿಟಿಯನ್ನು ತಡೆಯುವ ಓಸ್ಮಿ-4 ಬಳಸುವುದಾದರೆ ಕೊಳವೆಯ ಪರೀಕ್ಷೆಗೆ ಆಮ್ಲ ರೂಪವನ್ನು ತೆಗೆದುಕೊಳ್ಳಿ. ಎಸ್ಟರ್ ರೂಪ ಜೀವಕೋಶದೊಳಗೆ ಹೋಗಿ ಆಮ್ಲವಾಗಿ ಬದಲಾಗಲೆಂದು ಮಾಡಿದ್ದು. ಆಮ್ಲ ರೂಪದ ಬಿಗಿತ ಕೆಲವೇ ನ್ಯಾನೊಮೋಲಾರ್. ನಿಮ್ಮ ಗುಳಿಯಲ್ಲಿ ಕಿಣ್ವವೇ 100 ನ್ಯಾನೊಮೋಲಾರ್ ಇದ್ದರೆ, ಔಷಧ ಎಷ್ಟೇ ಬಿಗಿಯಾಗಿದ್ದರೂ ಅರ್ಧ ತಡೆಗೆ 50 ನ್ಯಾನೊಮೋಲಾರ್ ಬೇಕೇಬೇಕು. ಬಿಗಿ ಔಷಧಗಳನ್ನು ಹೋಲಿಸಬೇಕಾದರೆ ಕಿಣ್ವವನ್ನು ಇಳಿಸಿ ಸಮಯವನ್ನು ಹೆಚ್ಚಿಸಿ.

ಲೋಹದ ಅಯಾನು ಹಿಡಿದುಕೊಳ್ಳುವ ಇಡಿಟಿಎ ಹಾಕಿ ನೋಡೋಣ ಎಂದು ಹಲವರಿಗೆ ಅನಿಸುತ್ತದೆ. ಓಜಿಟಿಗೆ ಅದರಿಂದ ತೊಂದರೆಯಿಲ್ಲ, ಆದರೆ ಲೂಸಿಫರೇಸ್‌ಗೆ ಮೆಗ್ನೀಸಿಯಂ ಬೇಕು. ಇಡಿಟಿಎ ಉಳಿದ ಗುಳಿಯಲ್ಲಿ ಬೆಳಕು ಇಳಿದರೆ ಅದು ಸುಳ್ಳು ಸಾಕ್ಷಿಯಾದೀತು.

ಸಕ್ಕರೆ ಕೂತಿದೆಯೇ ಎಂದು ಕಣ್ಣಾರೆ ನೋಡುವುದು

ಹೊಸ ಪೆಪ್ಟೈಡ್, ಹೊಸ ರೂಪಾಂತರ ಯಾವುದಿದ್ದರೂ ಒಮ್ಮೆಯಾದರೂ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡದೆ ತೀರ್ಮಾನ ಹೇಳಬಾರದು. ಬಿಎಸ್‌ಎ ಬಿಟ್ಟು ಅದೇ ಕ್ರಿಯೆಯನ್ನು 2ರಿಂದ 4 ಗಂಟೆ ನಡೆಸಿ, 0.1% ಟಿಎಫ್‌ಎಯಿಂದ ನಿಲ್ಲಿಸಿ, ಸಿ18 ತುದಿಯಲ್ಲಿ ತೊಳೆದು ಓಡಿಸಿ. ಒಂದು ಸಕ್ಕರೆ ಸೇರಿದರೆ ತೂಕ 203.08 ಏರುತ್ತದೆ, ಎರಡು ವಿದ್ಯುದಂಶದ ಅಯಾನಿನಲ್ಲಿ 101.54, ಮೂರರಲ್ಲಿ 67.69. ಮೇಲಿನ ಪೆಪ್ಟೈಡ್‌ನ ಕೊನೆಯಲ್ಲಿ ಎರಡು ಮೆಥಿಯೊನಿನ್ ಇರುವುದರಿಂದ ಹಳೆಯ ದಾಸ್ತಾನಿನಲ್ಲಿ 16 ಮತ್ತು 32 ಏರಿದ ಶಿಖರಗಳೂ ಕಾಣುತ್ತವೆ. ಅವು ಆಮ್ಲಜನಕ ಸೇರಿದ್ದು, ಗಾಬರಿ ಬೇಡ. ಸಕ್ಕರೆಯ ಲೆಕ್ಕದಲ್ಲಿ ಅವನ್ನೂ ಜೊತೆಗೂಡಿಸಿ.

ಯಾವ ಸೀರಿನ್ ಎಂದು ತಿಳಿಯಬೇಕಾದರೆ ಡಿಕ್ಕಿ ಹೊಡೆಸಿ ಒಡೆಯುವ ಸಾಮಾನ್ಯ ವಿಧಾನ ಸಾಲದು. ಬೆನ್ನೆಲುಬು ಮುರಿಯುವ ಮೊದಲೇ ಸಕ್ಕರೆ ಉದುರಿ, 204.09ರ ಅಯಾನು ಮಾತ್ರ ಎದ್ದುಕಾಣುತ್ತದೆ. ಅದು ಸಕ್ಕರೆ ಇದೆ ಎಂದು ಹೇಳುತ್ತದೆ, ಎಲ್ಲಿತ್ತು ಎಂದು ಹೇಳುವುದಿಲ್ಲ. ಅದಕ್ಕೆ ಇಟಿಡಿ ಅಥವಾ ಇಟಿಎಚ್‌ಸಿಡಿ (ಎಲೆಕ್ಟ್ರಾನ್ ವರ್ಗಾಯಿಸಿ ಒಡೆಯುವ ವಿಧಾನಗಳು) ಇರುವ ಯಂತ್ರ ಬೇಕು.

ಪೂರ್ಣ ಪ್ರೋಟೀನು ಗ್ರಾಹಕವಾಗಿದ್ದರೆ ವೆಸ್ಟರ್ನ್ ಬ್ಲಾಟ್ ಸಾಕಾಗುತ್ತದೆ. ಜೆಲ್‌ನಲ್ಲಿ 203 ಡಾಲ್ಟನ್‌ನ ಏರಿಕೆ ಕಾಣದು, ಆದ್ದರಿಂದ ಪ್ರತಿಕಾಯವೇ ಆಧಾರ. ಆರ್‌ಎಲ್2 ಮತ್ತು ಸಿಟಿಡಿ110.6 ಎರಡೂ ಬಳಕೆಯಲ್ಲಿವೆ. ಸಿಟಿಡಿ110.6 ಐಜಿಎಂ ವರ್ಗದ್ದು. ಐಜಿಜಿಗೆಂದು ಮಾಡಿದ ಎರಡನೇ ಪ್ರತಿಕಾಯ ಹಾಕಿ ಖಾಲಿ ಬ್ಲಾಟ್ ನೋಡಿ ನಿರಾಶರಾಗುವುದು ಆಗಾಗ ನಡೆಯುತ್ತದೆ. ಬ್ಲಾಟ್‌ನ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿ ಬೇಡ, ಅದರಲ್ಲಿ ಸಕ್ಕರೆ ಹೊತ್ತ ಪ್ರೋಟೀನುಗಳಿವೆ. 3% ಬಿಎಸ್‌ಎ ಇರಲಿ. ಒಂದು ಲೇನ್‌ನ ಮಾದರಿಗೆ ಬ್ಯಾಕ್ಟೀರಿಯಾದ ಓಜಿಎ ಹಾಕಿ ಸಕ್ಕರೆ ತೆಗೆದು ಓಡಿಸಿ. ಅಲ್ಲಿ ಸಂಕೇತ ಮಾಯವಾದರೆ ಮಾತ್ರ ಉಳಿದ ಲೇನ್‌ಗಳನ್ನು ನಂಬಬಹುದು. 110ರ ಹತ್ತಿರ ಕಾಣುವ ಬ್ಯಾಂಡ್ ಓಜಿಟಿ ತಾನೇ ಹೊತ್ತುಕೊಂಡ ಸಕ್ಕರೆಯದ್ದು. ನಿಮ್ಮ ಗ್ರಾಹಕದ ತೂಕವೂ ಅಷ್ಟೇ ಇದ್ದರೆ, ಮೊಟಕು ಓಜಿಟಿ ಬಳಸಿ ಎರಡನ್ನೂ ಬೇರ್ಪಡಿಸಿ.

ರೂಪಾಂತರಗಳನ್ನು ಹೋಲಿಸುವಾಗ

ಓಜಿಟಿ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಅದರ ಕೆಲವು ಬದಲಾವಣೆಗಳು ಹುಡುಗರಲ್ಲಿ ಬೌದ್ಧಿಕ ಬೆಳವಣಿಗೆಯ ತೊಂದರೆ ತರುತ್ತವೆ. ಅಂಥ ರೂಪಾಂತರವೊಂದರ ವೇಗ ಕಡಿಮೆ ಎಂದು ಬರೆಯುವ ಮೊದಲು, ಕಿಣ್ವ ನಿಧಾನವೋ ಅಥವಾ ಅರ್ಧಭಾಗ ಮಡಚುವಿಕೆ ಕಳೆದುಕೊಂಡು ಸತ್ತಿದೆಯೋ ಎಂದು ನೋಡಬೇಕು. ಟಿಪಿಆರ್‌ನಲ್ಲಿರುವ ಲ್ಯೂಸಿನ್ 254ರ ಬದಲಾವಣೆಯಂಥವು ಪ್ರೋಟೀನಿನ ಸ್ಥಿರತೆಯನ್ನೇ ಕುಗ್ಗಿಸುತ್ತವೆ. ಥರ್ಮಲ್ ಶಿಫ್ಟ್ ಮಾಡಿ ಪ್ರೋಟೀನಿನ ಮಡಿಕೆ ಬಿಚ್ಚುವ ಉಷ್ಣತೆ ನೋಡಿ, ಜೆಲ್ ಫಿಲ್ಟ್ರೇಷನ್‌ನಲ್ಲಿ ಒಂದೇ ಶಿಖರ ಇದೆಯೇ ನೋಡಿ, ಚಟುವಟಿಕೆಯನ್ನು 25 ಮತ್ತು 37 ಡಿಗ್ರಿ ಎರಡರಲ್ಲೂ ಅಳೆಯಿರಿ. 25ರಲ್ಲಿ ಸಮನಾಗಿದ್ದು 37ರಲ್ಲಿ ಹಿಂದೆ ಬಿದ್ದರೆ ತೊಂದರೆ ಇರುವುದು ಸ್ಥಿರತೆಯಲ್ಲಿ. ಗ್ರಾಹಕವಾಗಿ ಪೆಪ್ಟೈಡ್ ಒಂದನ್ನೇ ಬಳಸಿದರೆ ಟಿಪಿಆರ್‌ನ ದೋಷ ಕಣ್ತಪ್ಪುತ್ತದೆ. ಒಂದಾದರೂ ಪೂರ್ಣ ಪ್ರೋಟೀನು ಜೊತೆಗಿರಲಿ.

ಜೀವಕೋಶ ಒಡೆದ ರಸದಲ್ಲಿ ನೇರವಾಗಿ ಈ ವಿಧಾನ ನಡೆಯದು. ಅಲ್ಲಿನ ಎಟಿಪಿಯೇ ಬೆಳಕು ಕೊಡುತ್ತದೆ, ಕೋಶದ ಯುಡಿಪಿ ತಡೆಯುತ್ತದೆ, ಒಡೆಯುವ ಬಫರ್‌ನ 150 ಮಿಲಿಮೋಲಾರ್ ಉಪ್ಪು ಕಿಣ್ವವನ್ನು ಕುಗ್ಗಿಸುತ್ತದೆ. ರಸವನ್ನೇ ಅಳೆಯಬೇಕಿದ್ದರೆ ಮೊದಲು ಡಿಸಾಲ್ಟಿಂಗ್ ಕಾಲಮ್ ದಾಟಿಸಿ, ಓಜಿಎಯನ್ನು ಥಯಾಮೆಟ್-ಜಿಯಿಂದ ತಡೆದು, ವಿಕಿರಣ ಗುರುತಿನ ದಾನಿ ಬಳಸಿ, ಪೆಪ್ಟೈಡನ್ನು ಸಿ18 ಮೇಲೆ ಬೇರ್ಪಡಿಸಿ ಎಣಿಸಿ.